ಚನ್ನಮ್ಮನ ಸಮಾಧಿ ನೋಡಲು ಬಂದವರಿಗೆ ಏನು ಹೇಳ್ತೀರಿ? ಬೈಲಹೊಂಗಲಕ್ಕೆ ಬರುವವರಿಗೂ ಇಲ್ಲಿರುವವರಿಗೂ ಒಂದು ಕೈಪಿಡಿ

"ಯಣ್ಣಾ, ಚನ್ನಮ್ಮನ ಸಮಾಧಿ ಎಲ್ಲಿ ಬರ್ತೈತ್ರಿ?"

ಬೈಲಹೊಂಗಲದಲ್ಲಿ ಅಂಗಡಿ ಇಟ್ಟವರಿಗೆ ಈ ಪ್ರಶ್ನೆ ಹೊಸದೇನಲ್ಲ. ಚಹಾದಂಗಡಿ ಮುಂದೆ ಕಾರು ನಿಲ್ಲಿಸಿ ಕೇಳುವವರಿದ್ದಾರೆ, ಬಸ್ ಇಳಿದ ತಕ್ಷಣ ಕೇಳುವವರಿದ್ದಾರೆ. ಕೈ ಮಾಡಿ ದಾರಿ ತೋರಿಸುತ್ತೇವೆ. ಆದರೆ ಎರಡನೇ ಪ್ರಶ್ನೆ ಬಂದಾಗ ಬಹಳ ಜನ ತಡವರಿಸುತ್ತೇವೆ: "ರಾಣಿ ಕಿತ್ತೂರಿನಾಕಿ, ಸಮಾಧಿ ಇಲ್ಲ್ಯಾಕ ಐತಿ?"

ಆ ಉತ್ತರ ಗೊತ್ತಿದ್ದರೆ ಬಂದವರು ಅರ್ಧ ತಾಸು ಹೆಚ್ಚು ನಿಲ್ಲುತ್ತಾರೆ. ಗೊತ್ತಿಲ್ಲದಿದ್ದರೆ ಒಂದು ಫೋಟೋ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಗಾಡಿ ತಿರುಗಿಸುತ್ತಾರೆ. ಕಿತ್ತೂರು ವಿಜಯಕ್ಕೆ 2024ರಲ್ಲಿ 200 ವರ್ಷ ತುಂಬಿತು, ಕಿತ್ತೂರಿನಲ್ಲಿ ದೊಡ್ಡ ಉತ್ಸವವೂ ಆಯಿತು. ರಾಣಿ ಬೈಲಹೊಂಗಲದಲ್ಲಿ ಕಣ್ಣು ಮುಚ್ಚಿ 200 ವರ್ಷ ತುಂಬುವುದು 2029ರ ಫೆಬ್ರವರಿಯಲ್ಲಿ. ಆಗ ಜನ ಕಿತ್ತೂರಿನ ಜೊತೆಗೆ ನಮ್ಮೂರಿಗೂ ಬರುತ್ತಾರೆ. ಆ ಹೊತ್ತಿಗೆ ನಾಲ್ಕೂ ತಾಲೂಕಿನವರಿಗೆ ಗೊತ್ತಿರಬೇಕಾದ ಸಂಗತಿಗಳನ್ನು ಇಲ್ಲಿ ಒಂದೆಡೆ ಕೊಟ್ಟಿದ್ದೇವೆ.

ಸಮಾಧಿ ಬೈಲಹೊಂಗಲದಲ್ಲಿ ಯಾಕೆ?

ಒಂದೇ ಮಾತಿನಲ್ಲಿ ಹೇಳುವುದಾದರೆ, ಚನ್ನಮ್ಮ ಹುಟ್ಟಿದ್ದು ಕಾಕತಿಯಲ್ಲಿ, ಆಳಿದ್ದು ಕಿತ್ತೂರಿನಲ್ಲಿ, ಸೆರೆಯಲ್ಲಿದ್ದು ತೀರಿಕೊಂಡಿದ್ದು ಬೈಲಹೊಂಗಲದಲ್ಲಿ.

ಸ್ವಲ್ಪ ವಿವರವಾಗಿ ಕೇಳಿದವರಿಗೆ ಹೀಗೆ ಹೇಳಬಹುದು. ಬೆಳಗಾವಿ ಹತ್ತಿರದ ಕಾಕತಿಯ ದೇಸಾಯಿ ಮನೆತನದ ಮಗಳು ಚನ್ನಮ್ಮ, ಕಿತ್ತೂರಿನ ದೊರೆ ಮಲ್ಲಸರ್ಜನನ್ನು ಮದುವೆಯಾಗಿ ಬಂದಳು. ಮಲ್ಲಸರ್ಜನನ್ನು ಪೇಶ್ವೆ ಎರಡನೇ ಬಾಜಿರಾಯ ಪುಣೆಯಲ್ಲಿ ಹಿಡಿದಿಟ್ಟಿದ್ದ. ಅಲ್ಲಿಂದ ಬಿಡುಗಡೆಯಾಗಿ 1816ರಲ್ಲಿ ಮಲ್ಲಸರ್ಜ ತೀರಿಕೊಂಡ. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದ. ಆತನೂ 1824ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ, ಮಕ್ಕಳಿರಲಿಲ್ಲ. ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡರು. ಧಾರವಾಡದ ಕಲೆಕ್ಟರ್ ಮತ್ತು ಪೊಲಿಟಿಕಲ್ ಏಜೆಂಟ್ ಆಗಿದ್ದ ಸೇಂಟ್ ಜಾನ್ ಥ್ಯಾಕರೆ ಈ ದತ್ತು ನಡೆಯುವುದಿಲ್ಲ ಎಂದ. ಸಂಸ್ಥಾನದ ಖಜಾನೆಗೆ ಮುದ್ರೆ ಹಾಕಿಸಿದ.

1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆ ಬಾಗಿಲಲ್ಲಿ ಯುದ್ಧವಾಯಿತು. ಥ್ಯಾಕರೆ ಸತ್ತ. ಅವನನ್ನು ಹೊಡೆದವನು ಅಮಟೂರು ಬಾಳಪ್ಪ. ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಕಿತ್ತೂರಿನವರ ಕೈಗೆ ಸೆರೆ ಸಿಕ್ಕರು. ನಾವು ವರ್ಷವರ್ಷ ಆಚರಿಸುವ ಕಿತ್ತೂರು ಉತ್ಸವ ಈ ಗೆಲುವಿನ ನೆನಪಿಗೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ದಖ್ಖನ್ ಕಮಿಷನರ್ ಚಾಪ್ಲಿನ್ ದೊಡ್ಡ ಸೈನ್ಯ ತರಿಸಿದ. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ರಾಣಿಯನ್ನು ಸೊಸೆ ವೀರಮ್ಮನ ಜೊತೆ ಬೈಲಹೊಂಗಲದ ಕೋಟೆಗೆ ತಂದು ಸೆರೆಯಲ್ಲಿಟ್ಟರು. ಅಲ್ಲಿ ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲ ಕಳೆದು, 1829ರ ಫೆಬ್ರವರಿಯಲ್ಲಿ ಚನ್ನಮ್ಮ ಕೊನೆಯುಸಿರೆಳೆದಳು. ಮಣ್ಣು ಮಾಡಿದ್ದೂ ಇಲ್ಲೇ.

ಹಾಗಾಗಿ ಬಂದವರಿಗೆ ಇಷ್ಟು ಹೇಳ್ರಿ: ಕಿತ್ತೂರು ಕೋಟೆ ಆಕಿ ಗೆದ್ದ ಜಾಗ. ಬೈಲಹೊಂಗಲ ಆಕಿ ಸೋತ ಮೇಲೆ ನಾಲ್ಕು ವರ್ಷ ತಲೆಬಾಗದೇ ಕಳೆದ ಜಾಗ. ಎರಡನ್ನೂ ನೋಡದೇ ಹೋದರೆ ಚನ್ನಮ್ಮನ ಕಥೆ ಅರ್ಧಕ್ಕೇ ನಿಲ್ಲುತ್ತದೆ.

ಗೋಳಗುಮ್ಮಟದಂಥದ್ದು ಹುಡುಕಬೇಡಿ

ರಾಜರ ಸಮಾಧಿ ಎಂದ ಕೂಡಲೇ ನಮ್ಮ ಕಡೆಯವರ ಕಣ್ಣ ಮುಂದೆ ಬರುವುದು ವಿಜಯಪುರದ ಗೋಳಗುಮ್ಮಟ. ಮಹಮ್ಮದ್ ಆದಿಲ್‌ಶಾಹ 1627ರಿಂದ 1656ರವರೆಗೆ ಆಳಿದ ಸುಲ್ತಾನ. ಬದುಕಿದ್ದಾಗಲೇ ತನ್ನ ಗೋರಿ ಕಟ್ಟಿಸಲು ಶುರು ಮಾಡಿದ್ದ. ಅವನ ಹತ್ತಿರ ಖಜಾನೆ ಇತ್ತು, ಕಲ್ಲುಕುಟಿಗರಿದ್ದರು, ಕಾಲವೂ ಇತ್ತು.

ಚನ್ನಮ್ಮ ತೀರಿಕೊಂಡಾಗ ಕಂಪನಿ ಸರ್ಕಾರದ ಕೈದಿ. ಸಂಸ್ಥಾನ ಹೋಗಿತ್ತು, ಖಜಾನೆ ಹೋಗಿತ್ತು. ಗುಮ್ಮಟ ಕಟ್ಟಿಸುವವರು ಯಾರು? ಅದಕ್ಕೇ ಇಲ್ಲಿ ಆಕಾಶ ಮುಟ್ಟುವ ಕಟ್ಟಡ ಸಿಗುವುದಿಲ್ಲ. ಊರೊಳಗಿನ ಉದ್ಯಾನದಲ್ಲಿರುವ ಸಮಾಧಿ ಇದು. "ಇಷ್ಟೇ ಏನ್ರಿ?" ಎಂದು ಕೇಳುವವರಿಗೆ ಈ ವ್ಯತ್ಯಾಸ ಹೇಳಿದರೆ ಸಾಕು, ನೋಡುವ ರೀತಿಯೇ ಬದಲಾಗುತ್ತದೆ.

ಇನ್ನೊಂದು ಪ್ರಶ್ನೆ ಹೊರಗಿನಿಂದ ಬಂದವರು ಕೇಳುತ್ತಾರೆ: ಹಿಂದೂ ರಾಣಿಯನ್ನು ಸುಡಲಿಲ್ಲವೇ, ಸಮಾಧಿ ಹೇಗೆ ಬಂತು? ಕಿತ್ತೂರು ಮನೆತನ ಲಿಂಗಾಯತ ಮನೆತನ. ಲಿಂಗಾಯತರಲ್ಲಿ ದೇಹವನ್ನು ಸುಡುವುದಿಲ್ಲ. ಕುಳಿತ ಭಂಗಿಯಲ್ಲಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ ಪತ್ರಿ ಸಹಿತ ಮಣ್ಣು ಮಾಡುತ್ತಾರೆ. ಸತ್ತರು ಎನ್ನದೇ 'ಲಿಂಗೈಕ್ಯರಾದರು' ಎನ್ನುತ್ತಾರೆ. ಅದಕ್ಕೇ ಊರವರ ಬಾಯಲ್ಲಿ 'ಐಕ್ಯಸ್ಥಳ', 'ಗದ್ದುಗೆ' ಎಂಬ ಮಾತು ಬರುವುದು. ಹೆದ್ದಾರಿ ಮೇಲೆ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಹೊಳೆಯಲ್ಲಿರುವ ಗಂಗಾಂಬಿಕೆಯ ಐಕ್ಯಮಂಟಪ ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಜನರ ಮಟ್ಟಿಗೆ ಇದು ಬರೀ ಗೋರಿಯಲ್ಲ, ಕೈ ಮುಗಿಯುವ ಜಾಗ.

ಯಾವುದು ಮೊದಲು, ಯಾವುದು ಆಮೇಲೆ?

ಒಂದು ದಿನ ಕೈಯಲ್ಲಿದ್ದರೆ ಮೊದಲು ಕಿತ್ತೂರು, ಆಮೇಲೆ ಬೈಲಹೊಂಗಲ. ಕಥೆ ನಡೆದದ್ದೇ ಆ ಕ್ರಮದಲ್ಲಿ.

ಕಿತ್ತೂರು: ಬೆಳಗಾವಿ–ಧಾರವಾಡ ನಡುವಿನ ರಾಷ್ಟ್ರೀಯ ಹೆದ್ದಾರಿ 48ರ ಮೇಲಿದೆ. ಕೋಟೆಯೊಳಗೆ ಅರಮನೆಯ ಪಾಳು ಗೋಡೆಗಳಿವೆ. ನೀರಿನ ವ್ಯವಸ್ಥೆ, ಸ್ನಾನದ ಕೋಣೆಗಳ ಗುರುತು, ಧ್ರುವ ನಕ್ಷತ್ರ ನೋಡಲು ಗೋಡೆಯಲ್ಲಿ ಬಿಟ್ಟ ಕಿಂಡಿ ಮಕ್ಕಳಿಗೆ ಬಹಳ ಇಷ್ಟವಾಗುತ್ತವೆ. ಕೋಟೆ ಆವರಣದಲ್ಲೇ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಅರಮನೆಯ ಬಾಗಿಲುಗಳು, ಆಯುಧಗಳು, ಸುತ್ತಲಿನ ಊರುಗಳ ಹಳೆಯ ಶಿಲ್ಪಗಳು ಅಲ್ಲಿವೆ. ವಾರದ ರಜೆ ಯಾವತ್ತು ಎಂದು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಕಿತ್ತೂರು ದೊರೆಗಳ ರಾಜಗುರು ಸಂಸ್ಥಾನವಾದ ಕಲ್ಮಠವೂ ಊರಲ್ಲೇ ಇದೆ.

ಬೈಲಹೊಂಗಲ: ಕಿತ್ತೂರಿನಿಂದ 20–25 ಕಿ.ಮೀ. ಒಳಗಿನ ದಾರಿ. ಸಮಾಧಿ ನೋಡಲು ಬೆಳಗಿನ ಹೊತ್ತು ಇಲ್ಲವೇ ಸಂಜೆ ಒಳ್ಳೆಯದು. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಬಿಸಿಲಲ್ಲಿ ವಯಸ್ಸಾದವರನ್ನು ಕರೆತಂದು ನಿಲ್ಲಿಸಬೇಡಿ.

ಸಂಗೊಳ್ಳಿ: ಬೈಲಹೊಂಗಲ ತಾಲೂಕಿನದೇ ಊರು. ಕಿತ್ತೂರು ಸಂಸ್ಥಾನದಲ್ಲಿ ಶೇತಸನದಿಯಾಗಿದ್ದ ರಾಯಣ್ಣನ ಊರು. ರಾಣಿ ತೀರಿಕೊಂಡ ಮೇಲೂ ಹೋರಾಟ ನಿಲ್ಲಿಸದವನು ಅವನು. ಪ್ರತಿ ಜನವರಿಯಲ್ಲಿ ಸಂಗೊಳ್ಳಿ ಉತ್ಸವ ನಡೆಯುತ್ತದೆ.

ನಂದಗಡ: ಖಾನಾಪುರ ತಾಲೂಕು. 1831ರ ಜನವರಿ 26ರಂದು ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಅವನ ಸಮಾಧಿಯೂ ಅಲ್ಲೇ. ಕಿತ್ತೂರಿನಿಂದ ಬೀಡಿ ಮೇಲೆ ಹೋಗಬಹುದು. ಒಂದೇ ದಿನದಲ್ಲಿ ಇದನ್ನೂ ಸೇರಿಸಿದರೆ ಓಡಾಟವೇ ಆಗುತ್ತದೆ, ಇನ್ನೊಂದು ದಿನ ಇಟ್ಟುಕೊಳ್ಳಿ.

ನಾಲ್ಕು ತಾಲೂಕಿನವರು ಬರುವುದು ಹೇಗೆ?

ಸವದತ್ತಿಯಿಂದ ನೇರ ಬೈಲಹೊಂಗಲಕ್ಕೆ ಬರಬಹುದು. ರಾಮದುರ್ಗದವರಿಗೆ ಸವದತ್ತಿ ಮೇಲೆ ಒಂದು ದಾರಿ, ಯರಗಟ್ಟಿ ಮೇಲೆ ಇನ್ನೊಂದು. ಈ ಎರಡೂ ಕಡೆಯವರಿಗೆ ಬೈಲಹೊಂಗಲವೇ ಮೊದಲು ಸಿಗುತ್ತದೆ. ಕ್ರಮ ತಪ್ಪಬಾರದು ಎಂದಿದ್ದರೆ ಬೆಳಗ್ಗೆ ನೇರ ಕಿತ್ತೂರಿಗೆ ಹೋಗಿ, ಮರಳುವಾಗ ಸಂಜೆ ಸಮಾಧಿ ನೋಡಿಕೊಂಡು ಊರು ಸೇರಬಹುದು. ದಾರಿಯೂ ಉಳಿಯುತ್ತದೆ, ಬಿಸಿಲೂ ತಪ್ಪುತ್ತದೆ.

ಬೈಲಹೊಂಗಲಕ್ಕೆ ರೈಲಿಲ್ಲ. ದೂರದಿಂದ ಬರುವ ನೆಂಟರಿಗೆ ಬೆಳಗಾವಿ ಇಲ್ಲವೇ ಧಾರವಾಡದಲ್ಲಿ ಇಳಿಯಲು ಹೇಳಿ, ಅಲ್ಲಿಂದ ಬಸ್. ಶಕ್ತಿ ಯೋಜನೆ 2023ರ ಜೂನ್‌ನಿಂದ ಜಾರಿಯಲ್ಲಿರುವುದರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಮಹಿಳಾ ಸಂಘದವರು ಒಟ್ಟಾಗಿ ಬರಲು ಇದು ಅನುಕೂಲ.

ಒಂದು ಎಚ್ಚರಿಕೆ: ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಹೊತ್ತಿನಲ್ಲಿ ಎಲ್ಲಮ್ಮನ ಗುಡ್ಡದ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಸವದತ್ತಿ ಕಡೆಯ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶಾಲಾ ಪ್ರವಾಸ ಇಟ್ಟುಕೊಳ್ಳುವ ಮಾಸ್ತರರು ಈ ದಿನಗಳನ್ನು ಬಿಟ್ಟು ತಾರೀಖು ಹಿಡಿಯಬೇಕು.

ಸಮಾಧಿ ಮುಂದೆ ಹೇಗಿರಬೇಕು?

ಚಪ್ಪಲಿ ಹೊರಗೆ ಬಿಡಿ. ಗದ್ದುಗೆ ಮೇಲೆ ಕೂರುವುದು, ಮಕ್ಕಳನ್ನು ಹತ್ತಿಸಿ ಫೋಟೋ ತೆಗೆಯುವುದು ಬೇಡ. ಹೂವು ಏರಿಸಬಹುದು. ಎಣ್ಣೆ ಸುರಿಯುವುದು, ಕಲ್ಲಿಗೆ ಕುಂಕುಮ ಬಳಿಯುವುದು, ಊದಿನಕಡ್ಡಿ ಕಲ್ಲಿನ ಸಂದಿಗೆ ಚುಚ್ಚುವುದು ಬೇಡ. ಎಣ್ಣೆ ಹೀರಿದ ಕಲ್ಲಿಗೆ ಧೂಳು ಹಿಡಿದು ಕಪ್ಪಾಗುತ್ತದೆ, ತಿಕ್ಕಿ ತೊಳೆದರೆ ಕಲ್ಲೇ ಸವೆಯುತ್ತದೆ. ಗೋಡೆ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ಸುಮ್ಮನಿರಬೇಡಿ. "ತಮ್ಮಾ, ನಿಮ್ಮ ಅವ್ವನ ಗದ್ದುಗಿ ಮ್ಯಾಲ ಹಿಂಗ ಬರೀತೀಯೇನ?" ಎಂದು ಕೇಳಿದರೆ ಸಾಕು.

ಮಕ್ಕಳನ್ನು ಕರೆತಂದವರು ಅಲ್ಲಿಗೆ ಬಂದ ಮೇಲೆ ಮೊಬೈಲ್ ತೆಗೆಯುವ ಮೊದಲು ಐದು ನಿಮಿಷ ಕೂತು ಕಥೆ ಹೇಳಿ. ಸಿನಿಮಾದಲ್ಲಿ ಕಂಡ ರಾಣಿ ಕುದುರೆ ಮೇಲೆ ಕತ್ತಿ ಹಿಡಿದವಳು. ಇಲ್ಲಿರುವ ರಾಣಿ ಐವತ್ತು ದಾಟಿದ, ಗಂಡನನ್ನೂ ಮಗನನ್ನೂ ರಾಜ್ಯವನ್ನೂ ಕಳೆದುಕೊಂಡು, ಪರರ ಕಾವಲಿನಲ್ಲಿ ದಿನ ಎಣಿಸಿದ ಹೆಣ್ಣುಮಗಳು. ಎರಡೂ ಒಬ್ಬಳೇ ಎಂದು ತಿಳಿದಾಗ ಮಕ್ಕಳು ತಾವಾಗೇ ಸುಮ್ಮನಾಗುತ್ತಾರೆ.

ಬಂದವರು ಕೇಳುವ ಪ್ರಶ್ನೆಗಳು, ಸರಿಯಾದ ಉತ್ತರಗಳು

ಔರಂಗಜೇಬನ ಸೈನ್ಯವನ್ನು ಎದುರಿಸಿದವಳು ಇವಳೇ ಅಲ್ಲವೇ?
ಅಲ್ಲ. ಅವಳು ಮಲೆನಾಡಿನ ಕೆಳದಿ ಚನ್ನಮ್ಮ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು. ಕಿತ್ತೂರು ಚನ್ನಮ್ಮನಿಗಿಂತ ನೂರು ವರ್ಷಕ್ಕೂ ಹಿಂದಿನವಳು.

ಶಿವಾಜಿ ಸೈನ್ಯದ ಜೊತೆ ಹೋರಾಡಿದವಳು?
ಅವಳು ಬೆಳವಡಿ ಮಲ್ಲಮ್ಮ. ಬೆಳವಡಿ ನಮ್ಮ ಬೈಲಹೊಂಗಲ ತಾಲೂಕಿನದೇ ಊರು. ಮೂವರನ್ನೂ ಒಂದೇ ಮಾಡಿ ಹೇಳಬೇಡಿ.

ಡಾಲ್‌ಹೌಸಿ ಕಾನೂನಿನಿಂದ ಕಿತ್ತೂರು ಹೋಯಿತೇ?
ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದಿದ್ದು 1848ರಲ್ಲಿ. ಕಿತ್ತೂರು ಯುದ್ಧ ಅದಕ್ಕಿಂತ 24 ವರ್ಷ ಮೊದಲು ಆಗಿತ್ತು. ದತ್ತು ಒಪ್ಪದೇ ಸಂಸ್ಥಾನ ನುಂಗುವ ದಾರಿಯನ್ನು ಕಂಪನಿ ಅವನಿಗಿಂತ ಮೊದಲೇ ಹಿಡಿದಿತ್ತು ಎನ್ನುವುದು ಸರಿ. ಝಾನ್ಸಿ ರಾಣಿ ಎದ್ದು ನಿಂತಿದ್ದು ಕಿತ್ತೂರಿನ 33 ವರ್ಷದ ನಂತರ, 1857ರಲ್ಲಿ.

ರಾಣಿ ತೀರಿಕೊಂಡ ದಿನ ಯಾವುದು?
ಫೆಬ್ರವರಿ 2 ಎಂದೂ ಫೆಬ್ರವರಿ 21 ಎಂದೂ ಬರಹಗಳಲ್ಲಿ ಸಿಗುತ್ತದೆ. ಹುಟ್ಟಿದ ದಿನಕ್ಕೂ ಹೀಗೇ ಎರಡು ತಾರೀಖುಗಳಿವೆ, ವರ್ಷ ಮಾತ್ರ 1778. "1829ರ ಫೆಬ್ರವರಿ" ಎಂದರೆ ತಪ್ಪಾಗುವುದಿಲ್ಲ. ತಾರೀಖಿಗೆ ಜಗಳ ಬೇಡ.

ರಾಯಣ್ಣ ವೇಷ ಮರೆಸಿಕೊಂಡು ಜೈಲಿಗೆ ಬಂದು ರಾಣಿಯನ್ನು ಕಾಣುತ್ತಿದ್ದನಂತೆ, ಹೌದೇ?
ಲಾವಣಿ, ನಾಟಕಗಳಲ್ಲಿ, ಹಿರಿಯರ ಬಾಯಲ್ಲಿ ಇದೆ. ಮದ್ದಿನಲ್ಲಿ ಸೆಗಣಿ ಬೆರೆಸಿ ಮೋಸ ಮಾಡಿದರು ಎಂಬುದೂ ಹಾಗೆಯೇ ನಡೆದುಬಂದ ಮಾತು. ಹೇಳುವಾಗ "ಜನ ಹೀಗೆ ಹೇಳ್ತಾರ" ಎಂದು ಸೇರಿಸಿ ಹೇಳಿ. ಕಥೆಯ ರುಚಿಯೂ ಕೆಡುವುದಿಲ್ಲ, ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ.

ಸೆರೆ ಸಿಕ್ಕ ಬಿಳಿಯರು ಏನಾದರು?
ಅವರನ್ನು ಕೊಲ್ಲಲಿಲ್ಲ, ಬಿಟ್ಟು ಕಳಿಸಿದರು. ಅವರಲ್ಲೊಬ್ಬನಾದ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿ ಸಂಗ್ರಹಿಸಿದ. ಕಿತ್ತೂರಿನವರು ಉಳಿಸಿದ ಜೀವ ಕನ್ನಡದ ಇತಿಹಾಸಕ್ಕೆ ಉಪಕಾರವಾಯಿತು ಎಂದು ಹೆಮ್ಮೆಯಿಂದ ಹೇಳಬಹುದು.

'ರಾಷ್ಟ್ರೀಯ ಸ್ಮಾರಕ' ಆದರೆ ಅಕ್ಕಪಕ್ಕದವರಿಗೆ ಏನು?

ಚನ್ನಮ್ಮನ ಸಮಾಧಿಯನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಬೇಕು ಎಂಬ ಬೇಡಿಕೆ ಬಹಳ ವರ್ಷಗಳದ್ದು. ಸಭೆಗಳಲ್ಲಿ, ಮನವಿಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಘೋಷಣೆಯಾದರೆ ಏನಾಗುತ್ತದೆ ಎಂಬುದು ಸುತ್ತಲಿನ ಮನೆಯವರಿಗೆ, ಅಂಗಡಿಯವರಿಗೆ ಮೊದಲೇ ತಿಳಿದಿರಬೇಕು.

ಇದಕ್ಕೆ ಇರುವುದು 1958ರ ಕೇಂದ್ರ ಕಾಯ್ದೆ, ಅಂದರೆ ಪ್ರಾಚೀನ ಸ್ಮಾರಕಗಳ ಕಾಯ್ದೆ. ಕನಿಷ್ಠ 100 ವರ್ಷ ಹಳೆಯದಾದ ರಚನೆ, ಸಮಾಧಿ ಈ ಕಾಯ್ದೆಯಡಿ ಬರಬಹುದು. ಕೇಂದ್ರ ಸರ್ಕಾರ ಮೊದಲು ಉದ್ದೇಶ ತಿಳಿಸಿ ಪ್ರಕಟಣೆ ಹೊರಡಿಸುತ್ತದೆ. ಅದರ ಪ್ರತಿಯನ್ನು ಸ್ಮಾರಕದ ಹತ್ತಿರ ಅಂಟಿಸುತ್ತಾರೆ. ಅಲ್ಲಿಂದ ಎರಡು ತಿಂಗಳೊಳಗೆ ಸಂಬಂಧಪಟ್ಟ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಅದನ್ನು ನೋಡಿದ ಮೇಲೆ ಅಂತಿಮ ಘೋಷಣೆ. ಆಮೇಲೆ ನಿರ್ವಹಣೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು.

ಲಾಭ ಕಣ್ಣಿಗೆ ಕಾಣುವಂಥದ್ದು: ಕಾವಲು, ದುರಸ್ತಿ, ದೇಶದ ಪಟ್ಟಿಯಲ್ಲಿ ಹೆಸರು, ಪ್ರವಾಸಿಗರ ಸಂಖ್ಯೆ. ಆದರೆ 2010ರ ತಿದ್ದುಪಡಿಯ ನಂತರ ನಿಯಮ ಬಿಗಿಯಾಗಿದೆ. ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್‌ವರೆಗೆ 'ನಿಷೇಧಿತ ಪ್ರದೇಶ', ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ 'ನಿಯಂತ್ರಿತ ಪ್ರದೇಶ', ಅನುಮತಿ ಪಡೆದೇ ಕಟ್ಟಬೇಕು. ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಕಟ್ಟಡಗಳ ದುರಸ್ತಿ, ನವೀಕರಣಕ್ಕೆ ಅರ್ಜಿ ಹಾಕಿ ಅನುಮತಿ ಪಡೆಯಬಹುದು.

ಊರ ನಡುವಿನ ಸ್ಮಾರಕಕ್ಕೆ 100 ಮೀಟರ್ ಎಂದರೆ ಓಣಿಗಟ್ಟಲೆ ಮನೆ, ಅಂಗಡಿಗಳು. ಹಾಗೆಂದು ಬೇಡಿಕೆ ಬಿಡಬೇಕು ಎಂದು ಯಾರೂ ಹೇಳುತ್ತಿಲ್ಲ. ಮನೆ ಮೇಲೆ ಮನೆ ಎಬ್ಬಿಸುವ ಆಲೋಚನೆ ಇದ್ದವರು ಹಳೆಯ ಕಟ್ಟಡದ ಉತಾರೆ, ಪರವಾನಗಿ, ತೆರಿಗೆ ಪಾವತಿ ಇವನ್ನೆಲ್ಲ ತೆಗೆದಿಟ್ಟುಕೊಳ್ಳಬೇಕು. ರಾಜ್ಯ ಸರ್ಕಾರದ ಸಂರಕ್ಷಣೆಗೆ 1961ರ ಬೇರೆ ಕಾಯ್ದೆ ಇದೆ. ಯಾವ ದಾರಿ ಹಿಡಿಯಬೇಕು ಎಂಬ ಚರ್ಚೆಯಲ್ಲಿ ಸಮಾಧಿಯ ನೆರೆಹೊರೆಯವರೂ ಕುಳಿತಿರಬೇಕು. ಇಲ್ಲದಿದ್ದರೆ ಘೋಷಣೆಯಾದ ಮೇಲೆ ಊರವರಿಗೂ ಇಲಾಖೆಗೂ ಜಗಳ ಶುರುವಾಗಿ, ನಡುವೆ ರಾಣಿಯ ಹೆಸರು ಎಳೆದಾಡುತ್ತಾರೆ.

ಅಂಗಡಿಕಾರರು ಮಾಡಬಹುದಾದದ್ದು

ಇದಕ್ಕೆ ದೊಡ್ಡ ಖರ್ಚಿಲ್ಲ.

* ಅಂಗಡಿ ಮುಂದೆ "ರಾಣಿ ಚನ್ನಮ್ಮನ ಸಮಾಧಿಗೆ ದಾರಿ" ಎಂದು ಬಾಣದ ಗುರುತಿನ ಒಂದು ಫಲಕ. ಕನ್ನಡದ ಕೆಳಗೆ ಸಣ್ಣದಾಗಿ ಮರಾಠಿ, ಇಂಗ್ಲಿಷ್ ಇದ್ದರೆ ಗಡಿಯಾಚೆಯವರಿಗೂ ಅನುಕೂಲ.
* ಹೆಣ್ಣುಮಕ್ಕಳು ಮೊದಲು ಕೇಳುವುದು ಶೌಚಾಲಯ. ಹತ್ತಿರದ್ದು ಎಲ್ಲಿದೆ, ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ತಿಳಿದಿಟ್ಟುಕೊಳ್ಳಿ.
* ಕುಡಿಯುವ ನೀರಿನ ಒಂದು ಕೊಡ ಮುಂದೆ ಇಡಿ. ನೀರು ಕುಡಿಯಲು ನಿಂತವರು ಗಿರಮಿಟ್ಟು, ಮಿರ್ಚಿ, ಚಹಾ ಕೇಳದೇ ಹೋಗುವುದಿಲ್ಲ.
* ಕಿತ್ತೂರು, ಸವದತ್ತಿ, ಧಾರವಾಡ ಕಡೆಯ ಕೊನೆಯ ಬಸ್ಸಿನ ವೇಳೆ ಬರೆದು ಅಂಟಿಸಿ.
* ಕಿತ್ತೂರಿನ ಅಂಗಡಿಕಾರರು "ಸಮಾಧಿ ಬೈಲಹೊಂಗಲದಾಗ ಐತಿ, ಹೋಗಿ ಬರ್ರಿ" ಎಂದು ಕಳಿಸಲಿ. ಬೈಲಹೊಂಗಲದವರು "ಕೋಟಿ ನೋಡಿ ಬಂದ್ರ್ಯಾ?" ಎಂದು ಕೇಳಲಿ. ಒಬ್ಬರ ಗಿರಾಕಿ ಇನ್ನೊಬ್ಬರಿಗೆ ಹೋದರೆ ಇಬ್ಬರಿಗೂ ನಷ್ಟವಿಲ್ಲ.

ರಾಣಿಯ ಹೆಸರಿನಲ್ಲಿ ಬೆಳಗಾವಿಯಲ್ಲಿ ವಿಶ್ವವಿದ್ಯಾಲಯ ಇದೆ, ಬೆಂಗಳೂರಿಗೆ ಹೋಗುವ ರೈಲಿದೆ, 1977ರಲ್ಲಿ ಅಂಚೆ ಚೀಟಿ ಬಂದಿದೆ, ದೆಹಲಿಯ ಸಂಸತ್ ಆವರಣದಲ್ಲಿ 2007ರಿಂದ ಪ್ರತಿಮೆ ನಿಂತಿದೆ. ಅವೆಲ್ಲ ಹೆಸರು, ಮೂರ್ತಿಗಳು. ಆಕಿ ಮಲಗಿರುವ ಮಣ್ಣು ಮಾತ್ರ ಬೈಲಹೊಂಗಲದಲ್ಲಿದೆ. ನಾಳೆ ಯಾರಾದರೂ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಕೇಳಿದರೆ ದಾರಿ ತೋರಿಸಿ, ಜೊತೆಗೆ ಆ ನಾಲ್ಕು ವರ್ಷದ ಮಾತನ್ನೂ ಹೇಳಿ ಕಳಿಸಿ.